ಗಿಡ್ಡ ಹಸುವಿನ ಕೆಚ್ಚಲು, ಜಪಾನಿನ ಇಲಿ: ಜೀನುಗಳ ಸಂದೇಶಗಳನ್ನು ಹಿಡಿದು ಪಟ್ಟಿ ಮಾಡುವ ಬಗೆ

2009ರಲ್ಲಿ ಹಸುವಿನ ಜೀನೋಮ್, ಅಂದರೆ ಅದರ ಡಿಎನ್‌ಎಯ ಇಡೀ ಬರಹ, ಪ್ರಕಟವಾಯಿತು. ಡಿಎನ್‌ಎ ಕೊಟ್ಟದ್ದು ಅಮೆರಿಕದ ಹೆರೆಫೋರ್ಡ್ ತಳಿಯ ಡಾಮಿನೆಟ್ ಎಂಬ ಹಸು. ಕನಿಷ್ಠ 22,000 ವಂಶವಾಹಿಗಳು, ಅಂದರೆ ಜೀನುಗಳು, ಇವೆ ಎಂಬ ಅಂದಾಜೂ ಅದರ ಜೊತೆಗೇ ಬಂತು. ಶಿವಮೊಗ್ಗದ ಕಾಲೇಜುಗಳಲ್ಲಿ ಜೀವವಿಜ್ಞಾನ ಓದುವ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಒಬ್ಬರಾದರೂ ಕೇಳುತ್ತಾರೆ: ಎಲ್ಲವನ್ನೂ ಓದಿ ಆಗಿದೆಯಲ್ಲ, ಇನ್ನು ಹುಡುಕುವುದೇನು ಉಳಿದಿದೆ?

ನ್ಯಾಯವಾದ ಪ್ರಶ್ನೆ. ಹೊಸನಗರದ ಕಡೆಯ ಒಂದು ಮಲೆನಾಡು ಗಿಡ್ಡ ಹಸುವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೂರು ಕಿಲೋ ಆಸುಪಾಸಿನ ಪುಟ್ಟ ಜೀವ. ಗುಡ್ಡ ಹತ್ತಿ ಮೇಯುತ್ತದೆ, ಮಳೆಗೆ ಜಗ್ಗುವುದಿಲ್ಲ, ಹಾಲಿನ ವಿಷಯದಲ್ಲಿ ಮಾತ್ರ ಬಹಳ ಬಿಗಿ. ಅದರ ಕೆಚ್ಚಲಿನ ಜೀವಕೋಶದಲ್ಲೂ ಗೊರಸಿನ ಬುಡದ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಹಾಲಿನ ಕೇಸಿನ್ ಪ್ರೋಟೀನು ತಯಾರಾಗುವುದು ಕೆಚ್ಚಲಿನಲ್ಲೇ ಹೊರತು ಗೊರಸಿನಲ್ಲಲ್ಲ. ಯಾವ ಕೋಶದಲ್ಲಿ ಯಾವ ಜೀನು ಕೆಲಸಕ್ಕೆ ಇಳಿದಿದೆ ಎಂಬುದನ್ನು ಡಿಎನ್‌ಎ ಹೇಳುವುದಿಲ್ಲ. ಅದನ್ನು ಹೇಳುವುದು ಆ ಜೀನಿನಿಂದ ಆ ಹೊತ್ತಿನಲ್ಲಿ ನಕಲಾಗಿ ಹೊರಬಂದ ಸಂದೇಶವಾಹಕ ಆರ್‌ಎನ್‌ಎ, ಅಂದರೆ ಎಂಆರ್‌ಎನ್‌ಎ. ಈ ಲೇಖನದಲ್ಲಿ ಅದನ್ನು ಸಂದೇಶ ಎಂದೇ ಕರೆಯುತ್ತೇನೆ.

ಇನ್ನೊಂದು ತೊಡಕೂ ಇದೆ. ಸಸ್ತನಿಗಳ ಜೀನು ಡಿಎನ್‌ಎಯಲ್ಲಿ ಒಂದೇ ಪಟ್ಟಿಯಾಗಿ ಇರುವುದಿಲ್ಲ; ತುಂಡುತುಂಡಾಗಿ, ನಡುವೆ ಸಾವಿರಾರು ಅಕ್ಷರಗಳ (ಎ, ಟಿ, ಜಿ, ಸಿ ಎಂದು ಗುರುತಿಸುವ ಡಿಎನ್‌ಎ ಘಟಕಗಳ) ಅಂತರ ಬಿಟ್ಟು ಕೂತಿರುತ್ತದೆ. ಜೀವಕೋಶ ಮೊದಲು ಎಲ್ಲವನ್ನೂ ನಕಲು ಮಾಡಿ, ಆಮೇಲೆ ನಡುವಿನದನ್ನು ಕತ್ತರಿಸಿ ತೆಗೆದು, ಬೇಕಾದ ತುಂಡುಗಳನ್ನು ಹೊಲಿಯುತ್ತದೆ. ಈ ಕತ್ತರಿ ಕೆಲಸ ಗೊತ್ತಾದದ್ದು 1977ರಲ್ಲಿ. ಒಂದೇ ಜೀನಿನ ತುಂಡುಗಳನ್ನು ಬೇರೆ ಬೇರೆ ರೀತಿ ಹೊಲಿದು ಬೇರೆ ಬೇರೆ ಸಂದೇಶಗಳನ್ನು ಮಾಡುವುದೂ ಉಂಟು. ಹಾಗಾಗಿ ಜೀನೋಮ್ ಕೈಯಲ್ಲಿದ್ದರೂ ಜೀನು ಎಲ್ಲಿ ಶುರು, ಎಲ್ಲಿ ಮುಕ್ತಾಯ, ನಡುವೆ ಯಾವುದು ಉಳಿಯಿತು ಎಂಬುದಕ್ಕೆ ಗಟ್ಟಿ ಸಾಕ್ಷಿ ಬೇಕಾದರೆ ಸಿದ್ಧವಾದ ಸಂದೇಶವನ್ನೇ ಹಿಡಿದು ನೋಡಬೇಕು.

ಸಸ್ತನಿಯೊಂದರ ಸಂದೇಶಗಳನ್ನು ಹೀಗೆ ಇಡಿಯಾಗಿ ಹಿಡಿದು ಪಟ್ಟಿ ಮಾಡುವ ದೊಡ್ಡ ಪ್ರಯತ್ನ ನಡೆದದ್ದು ಹಸುವಿನಲ್ಲಲ್ಲ, ಇಲಿಯಲ್ಲಿ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಯೋಶಿಹಿದೆ ಹಯಾಶಿಝಾಕಿ ಅವರ ತಂಡ 1995ರಲ್ಲಿ ಅದನ್ನು ಕೈಗೆತ್ತಿಕೊಂಡಿತು. ಆ ಕೆಲಸದ ಬಗ್ಗೆ ಬರುವ ಬರಹಗಳಲ್ಲಿ ಯಂತ್ರಗಳು ಎಷ್ಟು ಲಕ್ಷ ಅಕ್ಷರ ಓದಿದವು ಎಂಬುದಕ್ಕೇ ಹೆಚ್ಚು ಜಾಗ. ನನಗೆ ಅದು ಇಡೀ ಕಥೆಯ ಸುಲಭದ ಭಾಗ ಎನಿಸುತ್ತದೆ. ಓದುವುದಕ್ಕೆ ಮುಂಚೆ, ಬಾಲದಿಂದ ತಲೆಯವರೆಗೆ ತುಂಡಾಗದ ಸಂದೇಶವನ್ನು ಮಾತ್ರ ಆರಿಸಿ, ಒಂದನ್ನೇ ನೂರು ಸಲ ಹಿಡಿಯದಂತೆ ನೋಡಿಕೊಂಡದ್ದರಲ್ಲಿ ಅವರ ಜಾಣತನ ಇದೆ.

ಮೊದಲ ಶತ್ರು ನಮ್ಮದೇ ಬೆರಳು

ಡಿಎನ್‌ಎ ಗಟ್ಟಿ ವಸ್ತು. ಸಾವಿರಾರು ವರ್ಷ ಹಳೆಯ ಮೂಳೆಯಿಂದಲೂ ಅದನ್ನು ತೆಗೆಯುತ್ತಾರೆ. ಆರ್‌ಎನ್‌ಎ ಹಾಗಲ್ಲ. ಅದನ್ನು ಕತ್ತರಿಸುವ ಆರ್‌ಎನ್‌ಏಸ್ ಎಂಬ ಕಿಣ್ವಗಳು ನಮ್ಮ ಚರ್ಮದ ಮೇಲೆ, ಬೆವರಿನಲ್ಲಿ, ಉಸಿರಿನ ಹನಿಗಳಲ್ಲಿ, ಧೂಳಿನಲ್ಲಿ ಎಲ್ಲೆಲ್ಲೂ ಇವೆ. ಇವುಗಳಲ್ಲಿ ಕೆಲವು ಎಂಥ ಹಠಮಾರಿಗಳೆಂದರೆ ನೀರಿನಲ್ಲಿ ಕುದಿಸಿದರೂ ತಣಿದ ಮೇಲೆ ಮತ್ತೆ ಕೆಲಸ ಶುರುಮಾಡುತ್ತವೆ. ಅದಕ್ಕೇ ಆರ್‌ಎನ್‌ಎ ಕೆಲಸ ಮಾಡುವವರು ಗಾಜಿನ ಪಾತ್ರೆಗಳನ್ನು ಒಲೆಯಲ್ಲಿ ಗಂಟೆಗಟ್ಟಲೆ ಒಣ ಶಾಖ ಕೊಟ್ಟು ಬೇಯಿಸುತ್ತಾರೆ, ನೀರಿಗೆ ಡೆಪ್ಸಿ ಎಂಬ ರಾಸಾಯನಿಕ ಬೆರೆಸಿ ರಾತ್ರಿಯಿಡೀ ಬಿಟ್ಟು ಆಮೇಲೆ ಆಟೋಕ್ಲೇವ್ ಮಾಡುತ್ತಾರೆ, ಬಾಗಿಲ ಹಿಡಿ ಮುಟ್ಟಿದ ಕೂಡಲೇ ಕೈಗವಸು ಬದಲಿಸುತ್ತಾರೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಇದೆಲ್ಲ ಮಡಿಯ ಅತಿರೇಕ ಎನಿಸುವುದುಂಟು.

ಅಂಗಾಂಶ ದೇಹದಿಂದ ಬೇರೆಯಾದ ಕ್ಷಣದಿಂದಲೇ ಅದರೊಳಗಿನ ಆರ್‌ಎನ್‌ಏಸ್‌ಗಳೂ ಕೆಲಸಕ್ಕೆ ಇಳಿಯುತ್ತವೆ. ಅವನ್ನು ಅಲ್ಲೇ ನಿಲ್ಲಿಸಬೇಕು. ಒಂದು ದಾರಿ ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಹಳ್ಳಿಗಳಿಗೆ ಇದು ಹೊಸದೇನೂ ಅಲ್ಲ. ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಟ್ಟುಕೊಳ್ಳುವ ನೈಟ್ರೋಜನ್ ಕ್ಯಾನ್ ಪಶು ಆಸ್ಪತ್ರೆಗಳಲ್ಲಿ ಇರುತ್ತದೆ. ಮೇ ತಿಂಗಳ ಧಗೆಯಲ್ಲಿ ಕೊಟ್ಟಿಗೆಯ ಬಳಿ ಆರ್‌ಎನ್‌ಎ ಮಾದರಿ ತೆಗೆಯುವವರಿಗೂ ಅದೇ ಬೇಕು. ಇನ್ನೊಂದು ದಾರಿ ಗ್ವಾನಿಡಿನಿಯಂ ಥಯೋಸಯನೇಟ್ ಎಂಬ ಲವಣ. ಅದು ಪ್ರೋಟೀನುಗಳ ಮಡಿಕೆಯನ್ನೇ ಬಿಚ್ಚಿಬಿಡುವುದರಿಂದ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಇದರ ಜೊತೆ ಆಮ್ಲೀಯ ಫೀನಾಲ್ ಮತ್ತು ಕ್ಲೋರೋಫಾರ್ಮ್ ಸೇರಿಸಿ ಜೋರಾಗಿ ತಿರುಗಿಸಿದರೆ ಆರ್‌ಎನ್‌ಎ ಮೇಲಿನ ನೀರಿನ ಪದರದಲ್ಲಿ ಉಳಿಯುತ್ತದೆ, ಡಿಎನ್‌ಎ ಮತ್ತು ಪ್ರೋಟೀನು ಕೆಳಗೆ ಹೋಗುತ್ತವೆ. ಖೋಮ್ಚಿನ್‌ಸ್ಕಿ ಮತ್ತು ಸಾಕಿ 1987ರಲ್ಲಿ ಬರೆದ ವಿಧಾನ ಇದು. ಟ್ರೈಜಾಲ್ ಎಂಬ ಹೆಸರಿನ ಬಾಟಲಿಯಲ್ಲಿ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಗಿಡ್ಡ ಹಸುವಿನ ಕೆಚ್ಚಲಿಗೆ ಸೂಜಿ ಚುಚ್ಚಲು ಯಾವ ಯಜಮಾನರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಲಿನಲ್ಲಿಯೇ ಕೆಚ್ಚಲಿನಿಂದ ಉದುರಿದ ಜೀವಕೋಶಗಳಿರುತ್ತವೆ. ಹಾಲಿನ ಕೊಬ್ಬಿನ ಗೋಲಗಳು ಹೊರಬರುವಾಗ ಕೋಶರಸದ ಚೂರನ್ನು ಅಂಟಿಸಿಕೊಂಡೇ ಬರುತ್ತವೆ, ಅದರಲ್ಲೂ ಆರ್‌ಎನ್‌ಎ ಇರುತ್ತದೆ. ಆಗಷ್ಟೇ ಕರೆದ ಹಾಲಿನಿಂದ ಅದನ್ನು ಪಡೆಯಬಹುದು.

ಬಾಲದಿಂದ ಹಿಡಿಯುವುದು

ಇಷ್ಟು ಕಷ್ಟಪಟ್ಟು ತೆಗೆದ ಆರ್‌ಎನ್‌ಎಯಲ್ಲಿ ನಮಗೆ ಬೇಕಾದ ಸಂದೇಶದ ಪಾಲು ನೂರಕ್ಕೆ ಒಂದರಿಂದ ಐದು. ಎಂಬತ್ತಕ್ಕೂ ಹೆಚ್ಚು ಭಾಗ ರೈಬೋಸೋಮಿನ ಆರ್‌ಎನ್‌ಎ, ಅಂದರೆ ಪ್ರೋಟೀನು ತಯಾರಿಸುವ ಯಂತ್ರದ ಬಿಡಿಭಾಗ. ಅದನ್ನೆಲ್ಲ ಬಿಟ್ಟು ಸಂದೇಶವನ್ನಷ್ಟೇ ಎತ್ತಿಕೊಳ್ಳಲು ಪ್ರಕೃತಿಯೇ ಒಂದು ಗುರುತು ಇಟ್ಟಿದೆ. ಸಸ್ತನಿಗಳ ಬಹುತೇಕ ಎಂಆರ್‌ಎನ್‌ಎಗಳ ಕೊನೆಯಲ್ಲಿ ಎ ಎಂಬ ಒಂದೇ ಅಕ್ಷರ ಸುಮಾರು ಇನ್ನೂರು ಸಲ ಪೋಣಿಸಿರುತ್ತದೆ. ಇದು ಪಾಲಿ-ಎ ಬಾಲ. ಎ ಅಕ್ಷರಕ್ಕೆ ಟಿ ಜೊತೆಯಾಗುತ್ತದೆ. ಟಿಗಳ ಸಣ್ಣ ಸರವನ್ನು ಸೆಲ್ಯುಲೋಸಿನ ಪುಡಿಗೆ ಅಂಟಿಸಿ, ಅದರ ಮೇಲೆ ಆರ್‌ಎನ್‌ಎ ಹರಿಸಿದರೆ ಬಾಲವಿರುವುದು ಕಚ್ಚಿಕೊಂಡು ನಿಲ್ಲುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಅವಿವ್ ಮತ್ತು ಲೆಡರ್ ಇದನ್ನು 1972ರಲ್ಲಿ ಮಾಡಿ ತೋರಿಸಿದರು. ಈಗ ಪುಡಿಯ ಬದಲು ಅಯಸ್ಕಾಂತಕ್ಕೆ ಅಂಟುವ ಸೂಕ್ಷ್ಮ ಮಣಿಗಳು ಬಂದಿವೆ, ತತ್ವ ಅದೇ.

ಇಲ್ಲೊಂದು ಪಕ್ಕದ ಮಾತು, ಮಲೆನಾಡಿನವರಿಗೆ ಬೇಕಾದದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಿನ ಜೀನೋಮು ಕೂಡ ಆರ್‌ಎನ್‌ಎ, ಸುಮಾರು 11,000 ಅಕ್ಷರಗಳ ಉದ್ದ. ಆದರೆ ಅದರ ಕೊನೆಯಲ್ಲಿ ಪಾಲಿ-ಎ ಬಾಲ ಇಲ್ಲ. ಕೊರೊನಾ ವೈರಸ್ಸಿಗೆ ಇದೆ. ಅಂದರೆ, ಜ್ವರ ಬಂದವರ ರಕ್ತದಿಂದ ಟಿ-ಸರದ ಮೂಲಕ ಆರ್‌ಎನ್‌ಎ ಎತ್ತಿದರೆ ಮಂಗನ ಕಾಯಿಲೆಯ ವೈರಸ್ಸು ಕೈತಪ್ಪಿಹೋಗುತ್ತದೆ. ಅದನ್ನು ಹಿಡಿಯಲು ಆ ವೈರಸ್ಸಿನ ಅಕ್ಷರಗಳಿಗೇ ಹೊಂದುವ ಪ್ರೈಮರ್, ಅಂದರೆ ನಕಲು ಶುರುಮಾಡಿಸುವ ಸಣ್ಣ ಡಿಎನ್‌ಎ ಚೂರು, ಬೇಕು, ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಹಾಗೆಯೇ ಮಾಡುತ್ತಾರೆ. ಸಸ್ತನಿಯ ಸ್ವಂತ ಸಂದೇಶಗಳಲ್ಲೂ ಬಾಲವಿಲ್ಲದವು ಇವೆ. ಡಿಎನ್‌ಎಯನ್ನು ಸುತ್ತಿಡುವ ಹಿಸ್ಟೋನ್ ಪ್ರೋಟೀನುಗಳ ಮುಖ್ಯ ಸಂದೇಶಗಳು ಅಂಥವು. ಬಾಲ ಹಿಡಿದು ಮಾಡಿದ ಯಾವ ಪಟ್ಟಿಯಲ್ಲಿಯೂ ಅವು ಸರಿಯಾಗಿ ಕಾಣುವುದಿಲ್ಲ. ಪಟ್ಟಿಯಲ್ಲಿ ಇಲ್ಲ ಎಂದಮಾತ್ರಕ್ಕೆ ಕೋಶದಲ್ಲಿ ಇಲ್ಲ ಎಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ತಲೆಯವರೆಗೆ ತಲುಪಿತೇ?

ಬಾಲ ಸಿಕ್ಕಿತು. ಆದರೆ ಆರ್‌ಎನ್‌ಎಯನ್ನು ಹಾಗೇ ಬ್ಯಾಕ್ಟೀರಿಯಾದೊಳಗೆ ಇಟ್ಟು ಬೆಳೆಸಲು ಬರುವುದಿಲ್ಲ, ಬಹಳ ದಿನ ಇಡಲೂ ಆಗುವುದಿಲ್ಲ. ಅದನ್ನು ಡಿಎನ್‌ಎ ರೂಪಕ್ಕೆ ತಿರುಗಿಸಬೇಕು. ಆ ಕೆಲಸ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಸತೋಶಿ ಮಿಜುತಾನಿ ಒಂದು ಕಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ, ಗಡ್ಡೆ ಉಂಟುಮಾಡುವ ವೈರಸ್ಸುಗಳಲ್ಲಿ ಇದನ್ನು ಕಂಡರು. 1975ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ನೊಬೆಲ್ ಹಂಚಿಕೊಂಡರು. ಹೀಗೆ ಸಂದೇಶದಿಂದ ತಯಾರಾದ ಡಿಎನ್‌ಎಗೆ ಸಿಡಿಎನ್‌ಎ ಎಂದು ಹೆಸರು.

ಈ ಕಿಣ್ವ ಬಾಲದ ಕಡೆಯಿಂದ ನಕಲು ಶುರುಮಾಡಿ ತಲೆಯ ಕಡೆಗೆ ನಡೆಯುತ್ತದೆ. ತೊಂದರೆ ಏನೆಂದರೆ ಅದು ನಡುದಾರಿಯಲ್ಲಿ ನಿಲ್ಲುತ್ತದೆ. ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಗಂಟು ಹಾಕಿಕೊಂಡಿರುತ್ತದೆ. ಗಂಟು ಬಿಡಿಸಲು ಶಾಖ ಬೇಕು, ಆದರೆ ಶಾಖ ಹೆಚ್ಚಿದರೆ ಸುಮಾರು 42 ಡಿಗ್ರಿಯಲ್ಲಿ ಹಾಯಾಗಿರುವ ಕಿಣ್ವ ಸತ್ತುಹೋಗುತ್ತದೆ. ರಿಕೆನ್ ತಂಡ 1998ರಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಟ್ರೆಹಲೋಸ್ ಎಂಬ ಸಕ್ಕರೆ. ಅಣಬೆ, ಯೀಸ್ಟ್ ಮುಂತಾದ ಜೀವಿಗಳಲ್ಲಿ ಇರುವ ಈ ಸಕ್ಕರೆ ಒಣಗುವಿಕೆ ಮತ್ತು ಶಾಖದಿಂದ ಪ್ರೋಟೀನುಗಳನ್ನು ಕಾಪಾಡುತ್ತದೆ. ಅದನ್ನು ಬೆರೆಸಿದಾಗ ಅದೇ ಕಿಣ್ವ 60 ಡಿಗ್ರಿಯಲ್ಲೂ ಕೆಲಸ ಮಾಡಿತು, ಗಂಟುಗಳು ಸಡಿಲಾದವು, ನಕಲು ಉದ್ದವಾಯಿತು.

ಆದರೂ ಎಲ್ಲವೂ ತಲೆಯವರೆಗೆ ಹೋಗುವುದಿಲ್ಲ. ಅರ್ಧ ನಕಲು, ಮುಕ್ಕಾಲು ನಕಲು, ಪೂರ್ತಿ ನಕಲು ಎಲ್ಲವೂ ಒಂದೇ ನಳಿಕೆಯಲ್ಲಿ ಕಲೆತಿರುತ್ತವೆ. 1990ರ ದಶಕದ ಆರಂಭದಲ್ಲಿ ಹೆಚ್ಚಿನವರು ಇದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. 1991ರಲ್ಲಿ ಕ್ರೇಗ್ ವೆಂಟರ್ ಅವರ ತಂಡ ಮನುಷ್ಯನ ಮೆದುಳಿನ ಸಿಡಿಎನ್‌ಎಗಳಿಂದ ತಲಾ ಕೆಲವು ನೂರು ಅಕ್ಷರಗಳನ್ನಷ್ಟೇ ಓದಿ, ಆ ಚೂರುಗಳನ್ನೇ ಜೀನುಗಳ ಗುರುತಾಗಿ ಪ್ರಕಟಿಸಿತು. ಇಎಸ್‌ಟಿ ಎಂಬ ಈ ಚೂರುಗಳಿಂದ ಬಹಳ ಉಪಯೋಗವಾಯಿತು, ಸುಳ್ಳು ಹೇಳಬಾರದು. ಆದರೆ ಚೂರಿನಿಂದ ಪ್ರೋಟೀನು ತಯಾರಿಸಲು ಬರುವುದಿಲ್ಲ, ಜೀನು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ, ಜೀನನ್ನು ಚಾಲೂ ಮಾಡುವ ಪ್ರೊಮೋಟರ್ ಭಾಗ ಎಲ್ಲಿದೆ ಎಂದು ಊಹಿಸಲೂ ಆಗುವುದಿಲ್ಲ.

ಪೂರ್ತಿ ನಕಲನ್ನು ಮಾತ್ರ ಆರಿಸುವ ಉಪಾಯವೇ ಕ್ಯಾಪ್ ಟ್ರ್ಯಾಪರ್. ಪಿಯೆರೊ ಕಾರ್ನಿಂಚಿ ಮತ್ತು ಸಂಗಡಿಗರು ಇದನ್ನು 1996ರಲ್ಲಿ ಪ್ರಕಟಿಸಿದರು. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಷ್ಟು ಚೊಕ್ಕ ತರ್ಕದ ಪ್ರಯೋಗ ಅಪರೂಪ.

ಪ್ರತಿ ಸಂದೇಶದ ತಲೆಯ ತುದಿಯಲ್ಲಿ ಕ್ಯಾಪ್ ಎಂಬ ವಿಶೇಷ ಅಣು ಇರುತ್ತದೆ. ಅದು ಮೀಥೈಲ್ ಗುಂಪು ಸೇರಿದ ಗ್ವಾನೋಸಿನ್, ಉಳಿದ ಸರಕ್ಕೆ ತಲೆಕೆಳಗಾಗಿ ಜೋಡಣೆಯಾಗಿದೆ. ತಲೆಕೆಳಗಾದ ಕಾರಣ ಅದರ ಸಕ್ಕರೆಯ ಎರಡು ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕದಲ್ಲಿ ಖಾಲಿಯಾಗಿ ಉಳಿದಿರುತ್ತವೆ. ಸರದ ನಡುವಿನ ಯಾವ ಅಕ್ಷರದಲ್ಲೂ ಹೀಗೆ ಜೋಡಿಯಾಗಿ ಖಾಲಿ ಇರುವುದಿಲ್ಲ. ಇಂಥ ಜೋಡಿ ಇರುವುದು ಎರಡೇ ಕಡೆ: ಕ್ಯಾಪಿನಲ್ಲಿ, ಮತ್ತು ಬಾಲದ ಕಟ್ಟಕಡೆಯ ಅಕ್ಷರದಲ್ಲಿ. ಸೋಡಿಯಂ ಪರ್‌ಅಯೊಡೇಟ್ ಹಾಕಿದರೆ ಈ ಜೋಡಿಗಳು ಮಾತ್ರ ಉತ್ಕರ್ಷಣೆಗೊಳ್ಳುತ್ತವೆ, ಅಲ್ಲಿಗೆ ಬಯೋಟಿನ್ ಎಂಬ ವಿಟಮಿನ್ನನ್ನು ಅಂಟಿಸಬಹುದು. ಬಯೋಟಿನ್ನನ್ನು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಬಿಡದಂತೆ ಹಿಡಿಯುತ್ತದೆ. ಸ್ಟ್ರೆಪ್ಟಾವಿಡಿನ್ ಹೊದಿಸಿದ ಅಯಸ್ಕಾಂತದ ಮಣಿಗಳು ಸಿದ್ಧವಾಗಿ ಸಿಗುತ್ತವೆ.

ಈಗ ಎಲ್ಲ ಸಂದೇಶಗಳ ಎರಡೂ ತುದಿಗೆ ಬಯೋಟಿನ್ ಇದೆ. ಹಾಗಿದ್ದರೆ ಅರ್ಧ ನಕಲಿಗೂ ಪೂರ್ತಿ ನಕಲಿಗೂ ವ್ಯತ್ಯಾಸವೇನು? ಇಲ್ಲಿ ಆರ್‌ಎನ್‌ಏಸ್-ಒನ್ ಎಂಬ ಕಿಣ್ವವನ್ನು ಬಿಡುತ್ತಾರೆ. ಮೊದಲ ಹಂತದಲ್ಲಿ ಮಡಿ ಮಾಡಿ ಯಾವ ಬಗೆಯ ಕಿಣ್ವವನ್ನು ದೂರ ಇಟ್ಟರೋ ಆ ಬಗೆಯದನ್ನೇ ಈಗ ಕೈಯಾರೆ ಸೇರಿಸುತ್ತಾರೆ. ಅದು ಒಂಟಿ ಎಳೆಯ ಆರ್‌ಎನ್‌ಎಯನ್ನು ಎಲ್ಲಿ ಕಂಡರೂ ಕತ್ತರಿಸುತ್ತದೆ, ಸಿಡಿಎನ್‌ಎಯೊಡನೆ ಜೊತೆಯಾಗಿ ಕೂತ ಆರ್‌ಎನ್‌ಎಯನ್ನು ಮುಟ್ಟುವುದಿಲ್ಲ. ನಕಲು ತಲೆಯವರೆಗೆ ತಲುಪಿದ್ದರೆ ಒಂಟಿ ಎಳೆ ಉಳಿದಿರುವುದಿಲ್ಲ, ಕ್ಯಾಪು ಸಿಡಿಎನ್‌ಎಗೆ ಅಂಟಿಕೊಂಡೇ ಇರುತ್ತದೆ. ನಕಲು ನಡುವೆ ನಿಂತಿದ್ದರೆ ಅಲ್ಲಿಂದ ತಲೆಯವರೆಗಿನ ಭಾಗ ಒಂಟಿ. ಕಿಣ್ವ ಅಲ್ಲಿ ಕತ್ತರಿಸುತ್ತದೆ, ಕ್ಯಾಪು ಬಯೋಟಿನ್ ಸಮೇತ ಕಳಚಿಹೋಗುತ್ತದೆ. ಬಾಲದ ತುದಿಯೂ ಸಾಮಾನ್ಯವಾಗಿ ಒಂಟಿಯಾಗಿಯೇ ಉಳಿದಿರುವುದರಿಂದ ಅಲ್ಲಿನ ಬಯೋಟಿನ್ನೂ ಹೋಗುತ್ತದೆ. ಮಣಿ ಹಾಕಿ ಅಯಸ್ಕಾಂತ ಹಿಡಿದರೆ ಮೇಲೆ ಬರುವುದು ತಲೆ ಮುಟ್ಟಿದ ನಕಲುಗಳು ಮಾತ್ರ. ಆಮೇಲೆ ಆರ್‌ಎನ್‌ಎ ಎಳೆಯನ್ನು ಕರಗಿಸಿ, ಸಿಡಿಎನ್‌ಎಗೆ ಎರಡನೆಯ ಎಳೆ ಕಟ್ಟುತ್ತಾರೆ.

ಜಪಾನಿನದೇ ಇನ್ನೊಂದು ತಂಡ, ಮಾರುಯಾಮಾ ಮತ್ತು ಸುಗಾನೋ, 1994ರಲ್ಲೇ ಬೇರೊಂದು ದಾರಿ ತೋರಿಸಿತ್ತು: ಕ್ಯಾಪನ್ನು ಕಿಣ್ವದಿಂದ ಕಳಚಿ ಅದೇ ಜಾಗಕ್ಕೆ ಗೊತ್ತಿರುವ ಅಕ್ಷರಗಳ ಚೂರೊಂದನ್ನು ಜೋಡಿಸುವುದು. ಈಚಿನ ಕಿಟ್‌ಗಳಲ್ಲಿ, ತುದಿ ತಲುಪಿದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ತಾನಾಗಿ ಕೆಲವು ಸಿ ಅಕ್ಷರ ಸೇರಿಸುವ ಗುಣವನ್ನೇ ಬಳಸಿಕೊಳ್ಳುತ್ತಾರೆ. ಅದು ಅಗ್ಗ, ಬೇಗ ಆಗುತ್ತದೆ, ಒಂದೇ ಜೀವಕೋಶದಿಂದಲೂ ಮಾಡಬಹುದು. ಆದರೆ ತುಂಡಾದ ಆರ್‌ಎನ್‌ಎಯ ತುದಿಯಲ್ಲೂ ಒಮ್ಮೊಮ್ಮೆ ಹಾಗೇ ಆಗುವುದರಿಂದ ಕ್ಯಾಪ್ ಟ್ರ್ಯಾಪರಿನಷ್ಟು ಕಟ್ಟುನಿಟ್ಟಲ್ಲ.

ಮಾರಿಜಾತ್ರೆಯ ಲೆಕ್ಕ

ಹಾಲು ಕೊಡುತ್ತಿರುವ ಹಸುವಿನ ಕೆಚ್ಚಲಿನಲ್ಲಿ ಸಂದೇಶಗಳ ಬಹುದೊಡ್ಡ ಪಾಲು ಕೇಸಿನ್ ಮತ್ತಿತರ ಹಾಲಿನ ಪ್ರೋಟೀನುಗಳವು. ಕೇಸಿನ್ ಜೀನುಗಳು ನಾಲ್ಕೇ ನಾಲ್ಕು, ಆರನೆಯ ಕ್ರೋಮೋಸೋಮಿನಲ್ಲಿ ಒಟ್ಟಾಗಿ ಕೂತಿವೆ. ಒಂದು ಸಿಡಿಎನ್‌ಎಯನ್ನು ಹೊತ್ತು ಬೆಳೆದ ಬ್ಯಾಕ್ಟೀರಿಯಾದ ಕಾಲೊನಿಗೆ ಕ್ಲೋನು ಎನ್ನುತ್ತಾರೆ; ಹಾಗೇ ಬಿಟ್ಟರೆ ಕ್ಲೋನು ಕ್ಲೋನಿಗೂ ಕೇಸಿನ್ನೇ ಸಿಗುತ್ತದೆ. ಬೇರೆ ಅಂಗಾಂಶಗಳಲ್ಲಿ ಇಷ್ಟು ವಿಪರೀತ ಇಲ್ಲದಿದ್ದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ: ಕೆಲವೇ ಜೀನುಗಳ ಸಂದೇಶ ಸಾವಿರಾರು ಪ್ರತಿ, ಸಾವಿರಾರು ಜೀನುಗಳ ಸಂದೇಶ ಕೋಶಕ್ಕೆ ಒಂದೆರಡು ಪ್ರತಿ. ಲಕ್ಷಕ್ಕೆ ಒಂದರಂತಿರುವ ಸಂದೇಶವೊಂದು ಒಮ್ಮೆಯಾದರೂ ಸಿಗುವ ಸಂಭವ 95 ಪ್ರತಿಶತ ಆಗಬೇಕಾದರೆ ಸುಮಾರು 3 ಲಕ್ಷ ಕ್ಲೋನುಗಳನ್ನು ಓದಬೇಕಾಗುತ್ತದೆ. ಕುತೂಹಲದ ಜೀನುಗಳು, ಅಂದರೆ ಇತರ ಜೀನುಗಳನ್ನು ಹತೋಟಿಯಲ್ಲಿಡುವಂಥವು, ಈ ಅಪರೂಪದ ಗುಂಪಿನಲ್ಲೇ ಹೆಚ್ಚು.

ಇದನ್ನು ಸಮ ಮಾಡುವ ವಿಧಾನಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಸಾಗರದ ಮಾರಿಕಾಂಬಾ ಜಾತ್ರೆಗೆ ಒಂದು ದೊಡ್ಡ ಊರಿನಿಂದ ಐನೂರು ಜನ ಬಂದಿದ್ದಾರೆ, ಕಾಡೊಳಗಿನ ಒಂಟಿಮನೆಯಿಂದ ಇಬ್ಬರು ಬಂದು ಗದ್ದಲದಲ್ಲಿ ಬೇರೆಯಾಗಿದ್ದಾರೆ ಎಂದುಕೊಳ್ಳಿ. ದೊಡ್ಡ ಊರಿನವರಿಗೆ ಹತ್ತು ಹೆಜ್ಜೆಗೊಬ್ಬ ತಮ್ಮೂರಿನವನು ಸಿಗುತ್ತಾನೆ. ಒಂಟಿಮನೆಯವರು ಸಂಜೆಯವರೆಗೂ ಒಬ್ಬರನ್ನೊಬ್ಬರು ಹುಡುಕುತ್ತಲೇ ಇರುತ್ತಾರೆ. ಮಧ್ಯಾಹ್ನಕ್ಕೆ, ಜೊತೆ ಸಿಕ್ಕವರನ್ನೆಲ್ಲ ಹೊರಗೆ ಕಳುಹಿಸಿದರೆ ಒಳಗೆ ಉಳಿಯುವುದು ಹೆಚ್ಚಾಗಿ ಚಿಕ್ಕ ಊರುಗಳವರೇ. ನಳಿಕೆಯಲ್ಲೂ ಇಷ್ಟೇ. ಸಿಡಿಎನ್‌ಎಗಳ ಜೊತೆಗೆ ಅದೇ ಅಂಗಾಂಶದ ಆರ್‌ಎನ್‌ಎಯನ್ನು ಬಯೋಟಿನ್ ಅಂಟಿಸಿ ಬೆರೆಸುತ್ತಾರೆ. ಹೇರಳವಾಗಿರುವ ಕೇಸಿನ್ ಸಿಡಿಎನ್‌ಎಗೆ ತನ್ನ ಜೋಡಿ ಬೇಗ ಸಿಗುತ್ತದೆ. ನಿಗದಿತ ಹೊತ್ತಿಗೆ ನಿಲ್ಲಿಸಿ ಮಣಿಗಳಿಂದ ಜೋಡಿಯಾದದ್ದನ್ನು ಎಳೆದು ಬಿಸಾಡಿದರೆ ಅಪರೂಪದವು ಉಳಿಯುತ್ತವೆ.

ರಿಕೆನ್ ತಂಡ 2000ದಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇನ್ನೊಂದು ಹೆಜ್ಜೆಯೂ ಸೇರಿತ್ತು. ಈಗಾಗಲೇ ಪಟ್ಟಿಗೆ ಸೇರಿದ ಕ್ಲೋನುಗಳಿಂದ ಆರ್‌ಎನ್‌ಎ ತಯಾರಿಸಿ ಅದನ್ನೂ ಬೆರೆಸಿ, ಗೊತ್ತಿರುವುದನ್ನೆಲ್ಲ ಕಳೆದುಹಾಕುವುದು. ಪಟ್ಟಿ ಬೆಳೆದಂತೆ ಕಳೆಯುವ ಸಾಮಗ್ರಿಯೂ ಬೆಳೆಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಏನೆಂದರೆ, ಒಂದೇ ಜೀನಿನಿಂದ ಬೇರೆ ರೀತಿ ಹೊಲಿದ ಸಂದೇಶಗಳೂ ಬಹುಪಾಲು ಹೋಲುವುದರಿಂದ ಕಳೆದುಹೋಗಬಹುದು. ಯಾವ ಸಂದೇಶ ಎಷ್ಟು ಪ್ರಮಾಣದಲ್ಲಿತ್ತು ಎಂಬ ಮಾಹಿತಿಯಂತೂ ಪೂರ್ತಿ ಹೋಗುತ್ತದೆ.

ಪಟ್ಟಿ, ಪುಸ್ತಕ, ಹೆಸರು

ಮುಂದಿನದ್ದು ದುಡಿಮೆ. ಸಿಡಿಎನ್‌ಎಗಳನ್ನು ವಾಹಕ ಡಿಎನ್‌ಎಯೊಳಗೆ ಸೇರಿಸಿ ಇ-ಕೊಲೈ ಬ್ಯಾಕ್ಟೀರಿಯಾಕ್ಕೆ ಹಾಕುತ್ತಾರೆ. ಒಂದೊಂದು ಬ್ಯಾಕ್ಟೀರಿಯಾ ಒಂದೊಂದು ಸಿಡಿಎನ್‌ಎ ಹೊತ್ತು ಒಂದು ಕಾಲೊನಿಯಾಗಿ ಬೆಳೆಯುತ್ತದೆ. ಯಂತ್ರದ ಸೂಜಿ ಅದನ್ನು ಹೆಕ್ಕಿ 384 ಕುಳಿಗಳ ತಟ್ಟೆಯಲ್ಲಿ ಒಂದೊಂದು ಕುಳಿಗೆ ಹಾಕುತ್ತದೆ. ಮೊದಲು ತುದಿಯನ್ನಷ್ಟೇ ಓದಿ, ಒಂದೇ ರೀತಿಯವನ್ನು ಗುಂಪು ಮಾಡಿ, ಗುಂಪಿಗೊಂದು ಪ್ರತಿನಿಧಿಯನ್ನು ಆರಿಸಿ ಪೂರ್ತಿ ಓದುತ್ತಾರೆ. ಬಹಳ ಉದ್ದದ ಸಂದೇಶಗಳು ಇಲ್ಲಿ ಸೋಲುತ್ತವೆ. ಸ್ನಾಯುವಿನ ಟೈಟಿನ್ ಸಂದೇಶ ಒಂದು ಲಕ್ಷ ಅಕ್ಷರ ದಾಟುತ್ತದೆ. ಅದನ್ನು ಯಾವ ಸಾಮಾನ್ಯ ವಾಹಕವೂ ಇಡಿಯಾಗಿ ಹೊರುವುದಿಲ್ಲ.

ಭ್ರೂಣದ ವಿವಿಧ ಹಂತಗಳು, ಮೆದುಳಿನ ಭಾಗಗಳು, ವೃಷಣ, ಯಕೃತ್ತು ಹೀಗೆ ಇಲಿಯ ನಾನಾ ಅಂಗಾಂಶಗಳಿಂದ ಸಂಗ್ರಹ ನಡೆಯಿತು. ಓದಿದ್ದಕ್ಕೆ ಅರ್ಥ ಬರೆಯಲು 2000ದಲ್ಲಿ ನಾನಾ ದೇಶಗಳ ವಿಜ್ಞಾನಿಗಳನ್ನು ಜಪಾನಿನ ತ್ಸುಕುಬಾದಲ್ಲಿ ಒಟ್ಟುಗೂಡಿಸಿದರು. ಫ್ಯಾಂಟಮ್ ಎಂಬ ಒಕ್ಕೂಟ ಹುಟ್ಟಿದ್ದು ಹೀಗೆ. 2001ರಲ್ಲಿ 21,076 ಸಿಡಿಎನ್‌ಎಗಳ ಪಟ್ಟಿ ಬಂತು. 2002ರ ಡಿಸೆಂಬರಿನಲ್ಲಿ, ಇಲಿಯ ಜೀನೋಮು ಪ್ರಕಟವಾದ ನೇಚರ್ ಸಂಚಿಕೆಯಲ್ಲೇ, 60,770ರ ಪಟ್ಟಿ. 2005ರಲ್ಲಿ ಅದು ಲಕ್ಷ ದಾಟಿತು.

ಇಷ್ಟು ಕ್ಲೋನುಗಳನ್ನು ಜಗತ್ತಿಗೆ ಹಂಚುವುದು ಹೇಗೆ? ಹೆಪ್ಪುಗಟ್ಟಿಸಿದ ಬ್ಯಾಕ್ಟೀರಿಯಾ ತಟ್ಟೆಗಳನ್ನು ಕಳುಹಿಸುವುದು ದುಬಾರಿ. ಹಯಾಶಿಝಾಕಿ ತಂಡ ಡಿಎನ್‌ಎಯನ್ನು ನೀರಿನಲ್ಲಿ ಕರಗುವ ಕಾಗದದ ಮೇಲೆ ಚುಕ್ಕಿಗಳಾಗಿ ಅಚ್ಚು ಹಾಕಿ, 2003ರಲ್ಲಿ ಪುಸ್ತಕವನ್ನೇ ಹೊರತಂದಿತು. ಬೇಕಾದ ಜೀನಿನ ಪುಟ ತೆರೆದು, ಚುಕ್ಕಿಯನ್ನು ಕತ್ತರಿಸಿ, ನಳಿಕೆಯಲ್ಲಿ ಹಾಕಿ ಪಿಸಿಆರ್ ಮಾಡಿ ನಕಲು ಹೆಚ್ಚಿಸಿದರೆ ಜೀನು ಸಿದ್ಧ. ಜೀವವಿಜ್ಞಾನದಲ್ಲಿ ನನಗೆ ಅಸೂಯೆ ಹುಟ್ಟಿಸಿದ ಐಡಿಯಾಗಳಲ್ಲಿ ಇದೂ ಒಂದು.

ಹೆಸರಿಡುವುದರ ಗಮ್ಮತ್ತು ಬೇರೆ. ಕೆಲಸ ಗೊತ್ತಾಗದ ಜೀನುಗಳಿಗೆ ಕ್ಲೋನಿನ ವಿಳಾಸವೇ ಹೆಸರಾಯಿತು. ಇಲಿಯ ಜೀನುಗಳ ಪಟ್ಟಿಯಲ್ಲಿ 1700001ಸಿ02ರಿಕ್ ಎಂಬಂಥ ಹೆಸರುಗಳು ಇಂದಿಗೂ ಇವೆ. ಮೊದಲ ಅಂಕಿಗಳಲ್ಲಿ ಸಂಗ್ರಹ ಮತ್ತು ತಟ್ಟೆಯ ಗುರುತು, ಸಿ02 ಎಂದರೆ ತಟ್ಟೆಯಲ್ಲಿ ಸಿ ಸಾಲಿನ ಎರಡನೆಯ ಕುಳಿ, ಕೊನೆಗೆ ರಿಕೆನ್‌ನ ಮುದ್ರೆ. ಕೆಲಸ ಗೊತ್ತಾದಾಗ ಹೆಸರು ಬದಲಾಗುತ್ತದೆ.

ಪಟ್ಟಿಯಿಂದ ಆದ ಲಾಭಕ್ಕೆ ಒಂದು ನಿದರ್ಶನ ಸಾಕು. ಚರ್ಮದ ಕೋಶವನ್ನು ಮತ್ತೆ ಭ್ರೂಣದ ಕೋಶದಂತೆ ಮಾಡಲು ಶಿನ್ಯಾ ಯಮನಾಕಾ ಮೊದಲು 24 ಜೀನುಗಳನ್ನು ಆರಿಸಿಕೊಂಡರು. ಆ ಆಯ್ಕೆಗೆ ಇಲಿಯ ಈ ಸಿಡಿಎನ್‌ಎ ಮಾಹಿತಿ ನೆರವಾಯಿತು. 2006ರಲ್ಲಿ ಅವರು ಅದನ್ನು 4 ಜೀನುಗಳಿಗೆ ಇಳಿಸಿ ತೋರಿಸಿದರು, 2012ರಲ್ಲಿ ನೊಬೆಲ್ ಬಂತು.

ಪಟ್ಟಿ ಎಬ್ಬಿಸಿದ ಜಗಳವೂ ಸಣ್ಣದಲ್ಲ. 2002ರ ಪಟ್ಟಿಯಲ್ಲಿ ಹೊಸದಾಗಿ ಕಂಡ ಸಂದೇಶಗಳಲ್ಲಿ ಪ್ರೋಟೀನಿಗೆ ಸೂತ್ರ ಬರೆದವು 4,258. ಪ್ರೋಟೀನೇ ಇಲ್ಲದವು 11,665. ಪ್ರೋಟೀನು ಮಾಡದ ಇಷ್ಟೊಂದು ಆರ್‌ಎನ್‌ಎ ಏನು ಮಾಡುತ್ತಿದೆ? ಬಹಳಷ್ಟು ನಿಜವಾದವು, ಕೆಲವಕ್ಕೆ ಮುಖ್ಯ ಕೆಲಸಗಳಿವೆ ಎಂಬುದು ಆಮೇಲೆ ಸ್ಪಷ್ಟವಾಗಿದೆ. ಆದರೆ ವಿಧಾನದ ದೋಷದಿಂದ ಹುಟ್ಟಿದವೂ ಅದರಲ್ಲಿ ಸೇರಿದ್ದವು ಎಂಬ ಆಕ್ಷೇಪ ಸುಳ್ಳಲ್ಲ. ಸಂದೇಶದ ನಡುವೆಯೇ ಎ ಅಕ್ಷರಗಳ ಸಾಲು ಬಂದರೆ ಟಿ-ಸರ ಅಲ್ಲಿಗೇ ಕಚ್ಚಿಕೊಳ್ಳುತ್ತದೆ. ಹೊಲಿಗೆ ಮುಗಿಯದ ಕಚ್ಚಾ ನಕಲೂ ಹಾಗೆ ಒಳಗೆ ಬರುತ್ತದೆ. ಒಂದೇ ತುಂಡಿನ, ಒಂದೇ ಸಲ ಕಂಡ, ಬಾಲದ ಜಾಗದಲ್ಲಿ ಜೀನೋಮಿನಲ್ಲೇ ಎ ಸಾಲು ಇರುವ ಹೊಸ ಸಂದೇಶವನ್ನು ನಾನಂತೂ ನಂಬುವುದಿಲ್ಲ. ಹೊಲಿಗೆಯ ಗುರುತು ಇರಬೇಕು, ಕ್ಯಾಪಿನ ಸಾಕ್ಷಿ ಇರಬೇಕು, ಇನ್ನೊಂದು ಪ್ರಾಣಿಯಲ್ಲೂ ಕಾಣಬೇಕು. ಮೂರರಲ್ಲಿ ಎರಡಾದರೂ ಬೇಕು.

ಕ್ಯಾಪಿನ ಸಾಕ್ಷಿಯನ್ನು ದೊಡ್ಡ ಪ್ರಮಾಣದಲ್ಲಿ ಕಲೆಹಾಕಲು 2003ರಲ್ಲಿ ಅದೇ ತಂಡ ಕೇಜ್ ಎಂಬ ವಿಧಾನ ತಂದಿತು. ಕ್ಯಾಪ್ ಹಿಡಿದು, ತಲೆಯ ಬಳಿಯ ಇಪ್ಪತ್ತು ಅಕ್ಷರಗಳನ್ನಷ್ಟೇ ಕತ್ತರಿಸಿ ಓದುವುದು. ಜೀನು ಯಾವ ಅಕ್ಷರದಿಂದ ಶುರುವಾಗುತ್ತದೆ, ಎಷ್ಟು ಸಲ ಶುರುವಾಯಿತು ಎರಡೂ ಗೊತ್ತಾಗುತ್ತವೆ.

ಗಿಡ್ಡಕ್ಕೆ ಯಾವ ಪಟ್ಟಿ?

2008ರ ಹೊತ್ತಿಗೆ ಆರ್‌ಎನ್‌ಎ-ಸೀಕ್ ಬಂತು. ಬ್ಯಾಕ್ಟೀರಿಯಾ ಬೇಡ, ತಟ್ಟೆ ಬೇಡ. ಸಿಡಿಎನ್‌ಎಯನ್ನು ಚೂರು ಮಾಡಿ ಕೋಟಿಗಟ್ಟಲೆ ಚೂರುಗಳನ್ನು ಒಟ್ಟಿಗೆ ಓದಿಬಿಡುವುದು. ಅಪರೂಪದ ಸಂದೇಶಕ್ಕಾಗಿ ನಾರ್ಮಲೈಸೇಷನ್ ಮಾಡುವ ಬದಲು ಇನ್ನಷ್ಟು ಓದಿದರಾಯಿತು, ಪ್ರಮಾಣದ ಮಾಹಿತಿಯೂ ಉಳಿಯುತ್ತದೆ. ಆದರೆ ಚೂರುಗಳನ್ನು ಮತ್ತೆ ಜೋಡಿಸುವುದು ಕಂಪ್ಯೂಟರಿನ ಊಹೆ. ಹತ್ತು ತುಂಡಿನ ಜೀನಿನಲ್ಲಿ ಎರಡನೆಯ ತುಂಡು ಬಿಟ್ಟ ಸಂದೇಶದಲ್ಲೇ ಎಂಟನೆಯದೂ ಬಿಟ್ಟಿದೆಯೇ ಎಂದು ನೂರೈವತ್ತು ಅಕ್ಷರದ ಚೂರು ಹೇಳಲಾರದು. ಅದಕ್ಕೇ ಈಗ ಪ್ಯಾಕ್‌ಬಯೋ, ನ್ಯಾನೋಪೋರ್ ಯಂತ್ರಗಳಲ್ಲಿ ಸಂದೇಶವನ್ನು ಬಾಲದಿಂದ ತಲೆಯವರೆಗೆ ಒಂದೇ ಓಟದಲ್ಲಿ ಓದುವ ಕೆಲಸಕ್ಕೆ ಮರಳಿದ್ದಾರೆ. ಮರಳಿದ ಕೂಡಲೇ ತುಂಡಾದ ಆರ್‌ಎನ್‌ಎ, ನಡುದಾರಿಯಲ್ಲಿ ನಿಂತ ಕಿಣ್ವ, ನಡುವೆ ಕಚ್ಚುವ ಟಿ-ಸರ ಎಲ್ಲವೂ ಹಳೆಯ ಲೆಕ್ಕದಂತೆ ಎದುರಾದವು. ಕ್ಯಾಪ್ ಹಿಡಿದು ಉದ್ದಕ್ಕೆ ಓದುವ ಕಿಟ್‌ಗಳು ಬಂದಿರುವುದು ಅದಕ್ಕೆ.

ಮಲೆನಾಡು ಗಿಡ್ಡದಂಥ ತಳಿಗೆ ಈ ಇಡೀ ಓದು ಹೆಚ್ಚು ಬೇಕು. ಡಾಮಿನೆಟ್ ಯುರೋಪಿನ ಮೂಲದ, ಹಿಣಿಲು ಇಲ್ಲದ ದನಗಳ ವಂಶ. ಗಿಡ್ಡ ಹಿಣಿಲಿರುವ ಭಾರತೀಯ ದನಗಳ ವಂಶ. ಎರಡೂ ಶಾಖೆಗಳು ಪಳಗುವ ಬಹಳ ಹಿಂದೆಯೇ ಕವಲೊಡೆದಿವೆ. ಗಿಡ್ಡದ ಹಾಲಿನಿಂದ ತೆಗೆದ ಆರ್‌ಎನ್‌ಎಯ ಚೂರುಗಳನ್ನು ಡಾಮಿನೆಟ್‌ನ ಜೀನೋಮಿಗೆ ಹೊಂದಿಸಿ ನೋಡಿದರೆ, ಅಲ್ಲಿ ಇಲ್ಲದ ಭಾಗದಿಂದ ಬಂದ ಚೂರುಗಳು ಹೊಂದಿಕೆಯಾಗದವು ಎಂಬ ಕಡತಕ್ಕೆ ಹೋಗಿ ಬೀಳುತ್ತವೆ. ಆ ಕಡತವನ್ನು ಸಾಮಾನ್ಯವಾಗಿ ಯಾರೂ ತೆರೆಯುವುದಿಲ್ಲ. ತಲೆ, ಬಾಲ ಎರಡೂ ಇರುವ ಪೂರ್ಣ ಸಂದೇಶವಾದರೆ ಜೀನೋಮಿನ ಹಂಗಿಲ್ಲದೆ ಅದನ್ನು ನೇರವಾಗಿ ಪರೀಕ್ಷಿಸಬಹುದು, ಪ್ರೋಟೀನಿನ ಸೂತ್ರ ಇದೆಯೇ ಎಂದು ನೋಡಬಹುದು, ಪ್ರೈಮರ್ ಮಾಡಿ ಇನ್ನೊಂದು ಗಿಡ್ಡದಲ್ಲಿ, ಒಂದು ಜರ್ಸಿಯಲ್ಲಿ ಹುಡುಕಬಹುದು. ಹಾಲು ಒಂದರಿಂದಲೇ ಪಟ್ಟಿ ಪೂರ್ತಿಯಾಗದು: ಅದರಲ್ಲಿ ಕೆಚ್ಚಲಿನ ಕೋಶಗಳ ಜೊತೆ ರಕ್ತದ ಬಿಳಿಕಣಗಳೂ ಇರುತ್ತವೆ, ಕೆಚ್ಚಲು ಬಾವು ಇದ್ದರಂತೂ ಅವೇ ಹೆಚ್ಚು. ಹಾಗಾಗಿ ಮಾದರಿ ತೆಗೆಯುವ ದಿನವೇ ಹಾಲಿನ ಜೀವಕೋಶಗಳನ್ನು ಎಣಿಸಿ ಬರೆದಿಟ್ಟುಕೊಳ್ಳದಿದ್ದರೆ, ಕೆಚ್ಚಲಿನ ಸಂದೇಶ ಎಂದು ಪಟ್ಟಿಗೆ ಸೇರಿಸಿದ್ದು ಬಿಳಿಕಣದ್ದಾಗಿರಬಹುದು.